ಸೋಂಪಿನ ತಟ್ಟೆಯಲ್ಲಿ ಉಳಿದ ಚಿಲ್ಲರೆ

(ಸೂಳೆಕೆರೆ ಸೀಮೆಯಲ್ಲಿ ಮಾಡಿದ ದತ್ತಿ ಉಪನ್ಯಾಸದ ಬರಹರೂಪ)



ಈ ದತ್ತಿ ಇಟ್ಟವರು ಎರಡು ಷರತ್ತು ಹಾಕಿದ್ದಾರೆ. ಬಡ್ಡಿಯ ಹಣದಲ್ಲಿ ವರ್ಷಕ್ಕೊಂದು ಉಪನ್ಯಾಸ ಆಗಬೇಕು, ಅದು ಜನರ ದಿನನಿತ್ಯದ ಬಾಳಿಗೆ ಹತ್ತಿರವಾದ ವಿಷಯದ ಮೇಲಿರಬೇಕು, ಇದು ಮೊದಲನೆಯದು. ವೇದಿಕೆಯ ಮೇಲೆ ತಮ್ಮ ಹೆಸರು ಹೇಳಕೂಡದು, ಇದು ಎರಡನೆಯದು. ನಾನು ಇದುವರೆಗೆ ಹೋದ ದತ್ತಿ ಕಾರ್ಯಕ್ರಮಗಳಲ್ಲಿ ದಾನಿಗಳ ಹೆಸರು, ಅವರ ತಂದೆತಾಯಿಗಳ ಹೆಸರು, ಬೀಗರ ಹೆಸರು, ಇಟ್ಟ ಮೊತ್ತ, ಇಷ್ಟನ್ನು ಹೇಳುವುದರಲ್ಲೇ ಕಾಲು ಗಂಟೆ ಕಳೆಯುತ್ತಿತ್ತು. ಇವತ್ತು ಆ ಕಾಲು ಗಂಟೆ ನನಗೆ ಉಳಿದಿದೆ. ಟಿಪ್ಸ್ ಸಿಕ್ಕ ಹಾಗೆ.

ವಿಷಯವೂ ಅದೇ. ಹೋಟೆಲಿನಲ್ಲಿ, ಬಾರಿನಲ್ಲಿ ನಾವು ಕೊಡುವ ಟಿಪ್ಸು, ಕೊಡದೆ ಎದ್ದು ಬರುವ ಟಿಪ್ಸು. ಫೋನಿನಲ್ಲಿ ಇದನ್ನು ಹೇಳಿದಾಗ ಸಂಘಟಕ ಗೆಳೆಯರೊಬ್ಬರು ನಕ್ಕರು. "ಸೂಳೆಕೆರೆ ಏರಿ ಹತ್ರ ನಿಂತು ಟಿಪ್ಸ್ ಬಗ್ಗೆ ಏನ್ ಮಾತಾಡ್ತೀರಿ ಸಾರ್, ಅದೆಲ್ಲ ಬೆಂಗಳೂರಿನೋರ ತಲೆನೋವು" ಅಂದರು. ನನಗೆ ಹಾಗನ್ನಿಸಲಿಲ್ಲ. ಕೊಡುವುದು ಹೇಗೆ, ಕೊಟ್ಟವರಿಗೆ ಸಲ್ಲುವುದೇನು ಎಂಬ ಮಾತಿಗೆ ಈ ಏರಿಗಿಂತ ಒಳ್ಳೆಯ ಜಾಗ ನಮ್ಮ ಜಿಲ್ಲೆಯಲ್ಲಿ ಇಲ್ಲ.

ಈ ಕೆರೆಯ ಕತೆ ನಿಮಗೆ ನಾನು ಹೇಳಬೇಕಾದ್ದಿಲ್ಲ. ಅಚ್ಚಾದ ಮೇಲೆ ಬೇರೆ ಊರಿನವರೂ ಓದುತ್ತಾರೆಂದು ಎರಡು ಮಾತು. ಹನ್ನೊಂದು, ಹನ್ನೆರಡನೆಯ ಶತಮಾನದ ಕೆರೆ ಇದೆಂದು ಹೇಳುತ್ತಾರೆ. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ಉದ್ದ ಕಡಿಮೆಯಾದ ಏರಿ, ಅದರ ಹಿಂದೆ ಕಣ್ಣು ಹಾಯುವಷ್ಟು ದೂರ ನೀರು. ಸಿದ್ಧ ನಾಲೆ, ಬಸವ ನಾಲೆ ಎಂದು ಎರಡು ನಾಲೆ. ಇವತ್ತು ಚಿತ್ರದುರ್ಗದವರು ಕುಡಿಯುವ ನೀರಿಗೂ ಇದೇ ಆಸರೆ. ರಾಜನ ಮಗಳು ಶಾಂತವ್ವ ಕೆರೆ ಕಟ್ಟಿಸಹೊರಟಾಗ, ನೀರು ನಿಲ್ಲಬೇಕಾದ ತಗ್ಗಿನಲ್ಲಿ ಸೂಳೆಯರ ಕೇರಿ ಇತ್ತಂತೆ. ಜಾಗ ಬಿಟ್ಟುಕೊಡಿ ಎಂದು ಕೇಳಿದಳು. ಅವರು ಬೆಲೆ ಕೇಳಲಿಲ್ಲ, ಬದಲಿ ಭೂಮಿ ಕೇಳಲಿಲ್ಲ. ಕೆರೆಗೆ ನಮ್ಮ ಹೆಸರಿಡು ಅಂದರು. ಇನ್ನೊಂದು ಕತೆಯ ಪ್ರಕಾರ, ಮಗಳ ಮೇಲೆ ಸಿಟ್ಟಾದ ತಂದೆ ಅವಳನ್ನು ಬೈದ ಬೈಗುಳವೇ ಕೆರೆಗೆ ಹೆಸರಾಯಿತು. ನನಗೆ ಮೊದಲನೆಯ ಕತೆಯೇ ಇಷ್ಟ. ಸರಕಾರದ ಫಲಕದಲ್ಲಿ ಈಗ ಶಾಂತಿಸಾಗರ ಎಂದಿದೆ. ಬಸ್ಸಿನ ಕಂಡಕ್ಟರು ಮಾತ್ರ ಕರಾರಿನ ಪ್ರಕಾರ ನಡೆದುಕೊಳ್ಳುತ್ತಾನೆ, "ಯಾರ್ರೀ ಸೂಳೆಕೆರೆ" ಎಂದೇ ಕೂಗುತ್ತಾನೆ.

ಕತೆಯಲ್ಲಿ ಒಂದು ಸೂಕ್ಷ್ಮ ಇದೆ. ಕಟ್ಟಿಸಿದವಳ ಹೆಸರು ನಮಗೆ ಗೊತ್ತು. ಜಾಗ ಕೊಟ್ಟವರ ಕಸುಬಿನ ಹೆಸರಷ್ಟೇ ಗೊತ್ತು. ಅವರಲ್ಲಿ ಒಬ್ಬಳ ಹೆಸರೂ ಉಳಿದಿಲ್ಲ. ಈ ಮಾತನ್ನು ಸದ್ಯಕ್ಕೆ ಇಲ್ಲಿಗೆ ಬಿಡುತ್ತೇನೆ.

ಟಿಪ್ಸ್ ಎಂಬುದಕ್ಕೆ ಕನ್ನಡದಲ್ಲಿ ಒಂದು ಪದ ಹುಡುಕಿ ನೋಡಿ. ಬಕ್ಷೀಸು ಎನ್ನುತ್ತೀರಿ, ಅದು ಪಾರಸಿ. ಇನಾಮು ಎನ್ನುತ್ತೀರಿ, ಅದು ಅರಬ್ಬಿ. ಟಿಪ್ಸ್ ಇಂಗ್ಲಿಷು, ಅದನ್ನು ನಾವು ಬಹುವಚನದಲ್ಲೇ ಎತ್ತಿಕೊಂಡೆವು, ಒಂದು ರೂಪಾಯಿ ಕೊಟ್ಟರೂ ಟಿಪ್ಸೇ. (ಬೇಗ ಕೆಲಸ ಮಾಡಿಸಿಕೊಳ್ಳಲು ಕೊಡುವುದು ಎಂಬರ್ಥದ ಮೂರು ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿ ಟಿಪ್ ಆಯಿತೆಂದು ಶಾಲೆಯ ಮಕ್ಕಳಿಗೆ ಹೇಳಿಕೊಡುತ್ತಾರಲ್ಲ, ಅದು ಆಮೇಲೆ ಯಾರೋ ಹೊಸೆದ ಕತೆ. ಹದಿನೇಳನೆಯ ಶತಮಾನದ ಇಂಗ್ಲೆಂಡಿನ ಕಳ್ಳರ ಗುಪ್ತ ಮಾತಿನಲ್ಲಿ ಟಿಪ್ ಎಂದರೆ ಕೊಡು, ದಾಟಿಸು ಎಂದಿತ್ತು.) ಹಾಗೆಂದು ಕೊಡುವುದಕ್ಕೆ ನಮ್ಮಲ್ಲಿ ಮಾತು ಕಡಿಮೆಯೇ? ಉಂಬಳಿ, ಮಾನ್ಯ, ಕೊಡುಗೆ, ಉಡುಗೊರೆ, ಉಡಿ, ಮುಯ್ಯಿ, ದತ್ತಿ, ದಾಸೋಹ, ಭಿಕ್ಷೆ, ಆಯ. ಇಷ್ಟೊಂದು ಬಗೆಯ ಕೊಡುಗೆಗೆ ಹೆಸರಿಟ್ಟ ಜನ, ಅನ್ನ ತಂದು ಮುಂದಿಟ್ಟವನ ಕೈಗೆ ಕೊಡುವ ನಾಲ್ಕು ಕಾಸಿಗೆ ಹೆಸರಿಡಲಿಲ್ಲ. ಕಾರಣ ಸರಳ. ಅನ್ನ ಮಾರುವುದೇ ನಮ್ಮಲ್ಲಿ ಹೊಸದು. ಸಂತೇಬೆನ್ನೂರಿನ ಪುಷ್ಕರಣಿಯ ಪಕ್ಕದ ಮುಸಾಫಿರ್‌ಖಾನೆಯನ್ನು ನೋಡಿದ್ದೀರಿ. ದಾರಿಹೋಕರು ಇಳಿದುಕೊಳ್ಳಲಿ ಎಂದು ಕಟ್ಟಿದ್ದು. ಛತ್ರ, ಅರವಟ್ಟಿಗೆ, ಮಠದ ಪ್ರಸಾದ, ಎಲ್ಲಿಯೂ ಉಂಡವನು ದುಡ್ಡು ಕೊಡುವ ಪ್ರಶ್ನೆ ಇರಲಿಲ್ಲ. ಬಡಿಸಿದವನು ಸೇವೆ ಮಾಡಿದ, ಅಷ್ಟೇ.

ಹೋಟೆಲು ಬಂದದ್ದು ಕಳೆದ ನೂರು ನೂರಿಪ್ಪತ್ತು ವರ್ಷಗಳಲ್ಲಿ. ಕುಂದಾಪುರ, ಉಡುಪಿ ಕಡೆಯ ಹುಡುಗರು ಘಟ್ಟ ಹತ್ತಿ ಬಂದು ಲೋಟ ತೊಳೆದು, ಸಪ್ಲೈಯರಾಗಿ, ಆಮೇಲೆ ಗಲ್ಲಾದ ಮೇಲೆ ಕೂತರು. ಬೆಂಗಳೂರಿನಲ್ಲಿ ಮಯ್ಯ ಸಹೋದರರ ಹೋಟೆಲು 1924ರಲ್ಲಿ ಶುರುವಾಯಿತು. ನಮ್ಮ ದಾವಣಗೆರೆಗೆ 1928ರಲ್ಲಿ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ, ನಾಟಕದ ಥಿಯೇಟರಿನ ಎದುರು ದೋಸೆ ಹೊಯ್ಯಲು ಕೂತರು. ಇವತ್ತಿನ ಬೆಣ್ಣೆ ದೋಸೆಯ ವಂಶಾವಳಿ ಅಲ್ಲಿಂದ.

ಬೆಣ್ಣೆ ದೋಸೆ ಹೋಟೆಲಿನಲ್ಲಿ ಟಿಪ್ಸ್ ಇಟ್ಟು ಎದ್ದವರನ್ನು ನಾನು ಕಂಡದ್ದು ತೀರ ಕಡಿಮೆ. ಇದಕ್ಕೆ ಜಿಪುಣತನ ಎಂದು ಹೆಸರಿಡುವುದು ಸುಲಭ. ಆದರೆ ಅಲ್ಲಿ ನಡೆಯುವುದೇನು, ನೋಡಿ. ಗಿರಾಕಿ ಕೂತ ಕೂಡಲೇ ಶುರು: "ಚಟ್ನಿ ಇನ್ನೊಂಚೂರ್ ಹಾಕಪ್ಪಾ." "ಪಲ್ಯ ಇಷ್ಟೇನಾ?" "ಬೆಣ್ಣೆ ಎಲ್ಲಿ ಕಾಣ್ಸ್ತಾನೇ ಇಲ್ಲ." ಇದು ಸಂತೆಯ ಭಾಷೆ. ಸಂತೆಯಲ್ಲಿ ಮೆಣಸಿನಕಾಯಿ ತೂಗಿದ ಮೇಲೆ ಮೇಲೊಂದು ಹಿಡಿ ಹಾಕಬೇಕು. ಹಾಲಿನವಳು ಪಾವು ಅಳೆದ ಮೇಲೆ ಇನ್ನೊಂದಿಷ್ಟು ಸುರಿಯಬೇಕು. ಅದು ಕೊಸರು. ಕೊಸರು ಹಾಕದವನ ಹತ್ತಿರ ಮುಂದಿನ ವಾರ ಯಾರೂ ಹೋಗುವುದಿಲ್ಲ. ನಮ್ಮ ವ್ಯಾಪಾರದಲ್ಲಿ ಲೆಕ್ಕದ ಮೇಲಿನ ಅಷ್ಟಿಷ್ಟು ಹರಿಯುವುದು ಮಾರುವವನಿಂದ ಕೊಳ್ಳುವವನ ಕಡೆಗೆ. ಟಿಪ್ಸ್ ಈ ನೀರನ್ನು ಏರಿ ಕಡೆಗೆ ತಿರುಗಿಸಲು ಬಂತು. ಬಿಲ್ ಕೊಟ್ಟ ಮೇಲೂ ನಾನೇ ಇನ್ನಷ್ಟು ಕೊಡಬೇಕು ಅಂದರೆ ಚನ್ನಗಿರಿಯ ರೈತನಿಗೆ ಅದು ಅರ್ಥವೇ ಆಗುವುದಿಲ್ಲ. ಕೊಸರು ಕೊಡಬೇಕಾದವನು ಕೊಸರು ಕೇಳುತ್ತಿದ್ದಾನಲ್ಲ ಅನ್ನಿಸುತ್ತದೆ. ನನ್ನ ತಂದೆ ಹಾಗೇ ಅಂದುಕೊಂಡಿದ್ದರು. ದಾವಣಗೆರೆಗೆ ಅಡಿಕೆ ಮಾರಲು ಹೋದ ದಿನ ಹೋಟೆಲಿನಲ್ಲಿ ತಟ್ಟೆಗೆ ಬಂದ ಚಿಲ್ಲರೆಯನ್ನು ಎಣಿಸಿ ಪಂಚೆಯ ಸೊಂಟಕ್ಕೆ ಸಿಕ್ಕಿಸಿಕೊಂಡು, ಸೋಂಪನ್ನು ಮಾತ್ರ ಎರಡು ಹಿಡಿ ತೆಗೆದುಕೊಳ್ಳುತ್ತಿದ್ದರು. ಒಂದು ಹಿಡಿ ಬಾಯಿಗೆ, ಒಂದು ಹಿಡಿ ಮನೆಯ ಮಕ್ಕಳಿಗೆ.

ಆ ಮಕ್ಕಳಲ್ಲಿ ಒಬ್ಬನಾದ ನಾನು ಮುಂದೆ ತಟ್ಟೆಯ ಆ ಕಡೆಗೆ ನಿಂತೆ. 1970ರ ದಶಕದ ಕೊನೆಗೆ ದಾವಣಗೆರೆಯಲ್ಲಿ ಕಾಲೇಜು ಓದುವಾಗ ಸಂಜೆ ನಾಲ್ಕರಿಂದ ರಾತ್ರಿ ಹತ್ತರವರೆಗೆ ಒಂದು ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದೆ. ಹೋಟೆಲಿನ ಹೆಸರು ಬೇಡ, ಮಾಲೀಕರ ಮೊಮ್ಮಕ್ಕಳು ಈಗ ಬೇರೆ ವ್ಯಾಪಾರದಲ್ಲಿದ್ದಾರೆ. ಮೊದಲ ವಾರ ಕಲಿತದ್ದು ಲೋಟ ಹಿಡಿಯುವುದು: ಐದು ಬೆರಳು ಐದು ಲೋಟದೊಳಗೆ ಇಳಿಸಿ ತಂದರೆ ಬೈಗುಳ, ಕೆಳಗೆ ಅಂಗೈ ಕೊಟ್ಟು ಒಂದರ ಪಕ್ಕ ಒಂದು ಒತ್ತಿ ಹಿಡಿದರೆ ಶಹಬ್ಬಾಸ್. ಎರಡನೆಯ ವಾರ ಕಲಿತದ್ದು ಚಿಲ್ಲರೆ ತರುವುದು. ಇದು ಕಲೆ. ಗಿರಾಕಿಗೆ ಒಂದು ರೂಪಾಯಿ ಎಪ್ಪತ್ತೈದು ಪೈಸೆ ವಾಪಸು ಬರಬೇಕಿದ್ದರೆ ಒಂದು ನೋಟು, ಮೇಲೆ ಮೂರು ನಾಲ್ಕಾಣೆ. ಒಂದು ಎಂಟಾಣೆ, ಒಂದು ನಾಲ್ಕಾಣೆ ತಂದೆಯೋ, ಸಿಕ್ಕರೆ ಆ ನಾಲ್ಕಾಣೆಯೊಂದೇ ನಿನ್ನದು. ಎಂಟಾಣೆಯನ್ನು ಯಾರೂ ಬಿಡುವುದಿಲ್ಲ. ನಾಣ್ಯಗಳನ್ನು ಸೋಂಪಿನ ಕೆಳಗೆ ಅರ್ಧ ಹೂತು ಇಡಬೇಕು. ಗಿರಾಕಿ ಸೋಂಪು ಕೆದಕಿ ನಾಣ್ಯ ಆರಿಸಿಕೊಳ್ಳಲು ಸಂಕೋಚಪಡುತ್ತಾನೆ. ನನಗೆ ಇದನ್ನು ಕಲಿಸಿದವನು ಬ್ರಹ್ಮಾವರದ ಕಡೆಯ ಒಬ್ಬ ಹಿರಿಯ ಸಪ್ಲೈಯರ್. ಎಕನಾಮಿಕ್ಸ್ ಎಂ.ಎ. ಮಾಡಿ ಮೂವತ್ತು ವರ್ಷ ಪಾಠ ಹೇಳಿದ ಮೇಲೂ ಬೇಡಿಕೆಯ ಸ್ಥಿತಿಸ್ಥಾಪಕತ್ವವನ್ನು ಅವನಷ್ಟು ಚೆನ್ನಾಗಿ ವಿವರಿಸಿದವರನ್ನು ನಾನು ಕಂಡಿಲ್ಲ.

ಆದರೆ ಆ ನಾಣ್ಯಗಳು ನಮ್ಮ ಜೇಬಿಗೆ ಹೋಗುತ್ತಿರಲಿಲ್ಲ. ಗಲ್ಲಾದ ಪಕ್ಕ ಒಂದು ಡಾಲ್ಡಾ ಡಬ್ಬಿ ಇತ್ತು, ಮುಚ್ಚಳಕ್ಕೆ ಸೀಳು. ಎಲ್ಲರ ಟಿಪ್ಸೂ ಅದಕ್ಕೆ. ಶನಿವಾರ ರಾತ್ರಿ ಡಬ್ಬಿ ಒಡೆದು ಸಪ್ಲೈಯರು, ಕ್ಲೀನರು, ಒಳಗಿನ ಭಟ್ಟರು ಎಲ್ಲರಿಗೂ ಹಂಚಿಕೆ. ಪದ್ಧತಿ ನ್ಯಾಯವಾದದ್ದೇ, ಕಾಫಿ ತಂದವನಿಗೆ ನಗು ಸಿಗುತ್ತದೆ, ಕಾಫಿ ಕಾಸಿದವನಿಗೆ ಬೆವರು ಮಾತ್ರ. ತೊಂದರೆ ಇದ್ದದ್ದು ಬೇರೆ ಕಡೆ. ಹಂಚುವ ಮೊದಲು ಮಾಲೀಕರು ಆ ವಾರ ಒಡೆದ ಲೋಟ, ಸಾಸರುಗಳ ಲೆಕ್ಕವನ್ನು ಅದೇ ಡಬ್ಬಿಯಿಂದ ಕಳೆಯುತ್ತಿದ್ದರು. ಒಂದು ಶನಿವಾರ ಡಬ್ಬಿಯಲ್ಲಿ ಇದ್ದದ್ದಕ್ಕಿಂತ ಒಡೆದದ್ದೇ ಜಾಸ್ತಿಯಾಗಿ, ಟಿಪ್ಸ್ ಕೊಟ್ಟವರೆಲ್ಲ ಹೋಟೆಲಿಗೆ ಹೊಸ ಲೋಟ ಕೊಡಿಸಿದ ಹಾಗಾಯಿತು. ಅವತ್ತು ನನಗೆ ಹೊಳೆದದ್ದನ್ನೇ ಇವತ್ತು ಇಲ್ಲಿ ಹೇಳಲು ಬಂದಿದ್ದೇನೆ: ಟಿಪ್ಸ್ ವಿಷಯದಲ್ಲಿ ನಾವು ಗಿರಾಕಿಯ ಧಾರಾಳ, ಸಪ್ಲೈಯರ್‌ನ ಆಸೆ ಎರಡನ್ನೇ ನೋಡುತ್ತೇವೆ. ಮೂರನೆಯ ಕೈ ಗಲ್ಲಾದ ಹಿಂದೆ ಇರುತ್ತದೆ, ಅದು ಕಾಣುವುದಿಲ್ಲ.

ಈ ಮೂರನೆಯ ಕೈಯನ್ನು ತಿಳಿಯಲು ನಮ್ಮ ಆಯದ ಪದ್ಧತಿಯನ್ನು ಸ್ವಲ್ಪ ನೆನೆಯಬೇಕು. ಈ ಕೆರೆಯ ಕೆಳಗೆ ಗದ್ದೆ ಮಾಡಿದವರ ಮನೆಯ ಹಿರಿಯರಿಗೆ ನೀರುಗಂಟಿ ಗೊತ್ತು. ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚಿ, ರಾತ್ರಿ ಕಾಲುವೆ ಕಾಯುವವನು. ಅವನಿಗೆ ತಿಂಗಳ ಸಂಬಳ ಇರಲಿಲ್ಲ. ಸುಗ್ಗಿಯಲ್ಲಿ ಕಣದ ಮೇಲೆ ರಾಶಿ ಪೂಜೆಯಾದ ಮೇಲೆ ಅವನ ಪಾಲು ಅಳೆಯಬೇಕು. ಹಾಗೆಯೇ ತಳವಾರ, ಅಗಸ, ಕ್ಷೌರಿಕ, ಕಮ್ಮಾರ. ಇಂಥವರಿಗೆ ಇಷ್ಟು ಎಂದು ಊರಿಗೇ ಗೊತ್ತಿತ್ತು. ರೈತ ಅದನ್ನು ಖುಷಿಯಿಂದ ಕೊಟ್ಟನೋ ಗೊಣಗುತ್ತಾ ಕೊಟ್ಟನೋ ಯಾರೂ ಕೇಳುತ್ತಿರಲಿಲ್ಲ. ಕೊಡಬೇಕು, ಎಲ್ಲರ ಕಣ್ಣೆದುರು, ರಾಶಿ ಮನೆಗೆ ಹೋಗುವ ಮುಂಚೆ. ಇದಕ್ಕೆ ವಿರುದ್ಧವಾದದ್ದು ಇನಾಮು. ಅದು ಕೊಡುವವನ ಮರ್ಜಿ. ಮೆಚ್ಚಿದರೆ ಭೂಮಿ, ಮುನಿದರೆ ಅದೂ ಇಲ್ಲ.

ಆಯವನ್ನು ಹೊಗಳಲು ನಾನು ಬಂದಿಲ್ಲ. ಕಣದ ಅಂಚಿನಲ್ಲಿ ಕೂತು, ಮೇಲು ಜಾತಿಯವರ ಪಾಲೆಲ್ಲ ಅಳೆದು ಮುಗಿದ ಮೇಲೆ, ಕಸ ಕಡ್ಡಿ ಬೆರೆತ ತಳದ ಕಾಳನ್ನು ಉಡಿಗೆ ತುಂಬಿಕೊಂಡ ಹೆಂಗಸರ ಮಕ್ಕಳು ಈ ಸಭೆಯಲ್ಲಿದ್ದಾರೆ. 1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ತೆಗೆದುಹಾಕಿದ್ದು ಒಳ್ಳೆಯದೇ ಆಯಿತು. ಅದಕ್ಕೂ ಮುಂಚೆ 1954, 1955ರ ಕಾಯ್ದೆಗಳು ಇನಾಮುಗಳನ್ನೇ ರದ್ದು ಮಾಡಿದ್ದವು. ವಿಚಿತ್ರ ಏನೆಂದರೆ, ಭೂಮಿಯಿಂದ ಇನಾಮು ಎಂಬ ಮಾತನ್ನು ಅಳಿಸಿದ ಕಾಲಕ್ಕೇ ಅದು ಪೇಟೆಯ ಹೋಟೆಲಿನ ಮೇಜಿನ ಮೇಲೆ ಬಂದು ಕೂತಿತು.

ಒಬ್ಬನ ಖುಷಿಯಿಂದ ಶುರುವಾದದ್ದು ಇನ್ನೊಬ್ಬನ ಹಕ್ಕಾಗಬಲ್ಲದೇ? ಆಗಬಲ್ಲದು, ನಮ್ಮ ದೇಶದಲ್ಲೇ ಆಗಿದೆ. ಗ್ರಾಚ್ಯುಟಿ ಎಂಬ ಮಾತನ್ನು ನೌಕರಿಯಲ್ಲಿದ್ದವರೆಲ್ಲ ಕೇಳಿದ್ದೀರಿ. ಇಂಗ್ಲಿಷಿನಲ್ಲಿ ಟಿಪ್ಸಿಗೂ ಅದೇ ಮಾತು. ನಿವೃತ್ತನಾಗುವ ಆಳಿಗೆ ಮಾಲೀಕ ಮೆಚ್ಚಿ ಕೊಡುತ್ತಿದ್ದ ಬಕ್ಷೀಸು ಅದು. 1972ರಲ್ಲಿ ಸಂಸತ್ತು ಕಾಯ್ದೆ ಮಾಡಿ, ಹತ್ತು ಜನರಿಗಿಂತ ಕಡಿಮೆಯಿಲ್ಲದ ಸಂಸ್ಥೆಯಲ್ಲಿ ಐದು ವರ್ಷ ದುಡಿದವನಿಗೆ ವರ್ಷಕ್ಕೆ ಹದಿನೈದು ದಿನದ ವೇತನದ ಲೆಕ್ಕದಲ್ಲಿ ಅದನ್ನು ಕೊಡಲೇಬೇಕು ಅಂದಿತು. ಮೆಚ್ಚುಗೆ ಲೆಕ್ಕವಾಯಿತು. ಮೇಜಿನ ಮೇಲಿನ ಗ್ರಾಚ್ಯುಟಿಗೆ ಮಾತ್ರ ಆ ಭಾಗ್ಯ ಬರಲಿಲ್ಲ. 2016ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ದೊಡ್ಡ ಹೋಟೆಲು ಕಂಪನಿಯೊಂದರ ಮೊಕದ್ದಮೆಯಲ್ಲಿ, ಟಿಪ್ಸ್ ಸಂಬಳವಲ್ಲ, ಹೋಟೆಲಿನವರು ಅದರ ಮೇಲೆ ತೆರಿಗೆ ಹಿಡಿಯಬೇಕಿಲ್ಲ ಎಂದು ತೀರ್ಪು ಕೊಟ್ಟಿತು. ಅದು ಗಿರಾಕಿ ಕೊಟ್ಟದ್ದು, ಮಾಲೀಕ ಕೊಟ್ಟದ್ದಲ್ಲ, ಮಾಲೀಕನಿಂದ ಅದನ್ನು ಕೇಳುವ ಹಕ್ಕು ನೌಕರನಿಗಿಲ್ಲ ಎಂಬುದು ಅದರ ತರ್ಕ. ಕಾನೂನಿನ ಪ್ರಕಾರ ಸರಿಯೇ. ಆದರೆ ಸಂಬಳವಲ್ಲ ಎಂದ ಮೇಲೆ ಪಿಎಫ್‌ಗೂ ಅದು ಲೆಕ್ಕಕ್ಕಿಲ್ಲ. ಇಪ್ಪತ್ತು ವರ್ಷ ಟಿಪ್ಸಿನ ಮೇಲೇ ಬದುಕಿದವನು ಮನೆಗೆ ಹೋಗುವಾಗ, ಅವನ ಅರ್ಧ ಬದುಕು ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ.

ದೊಡ್ಡ ಊರಿನ ಹೋಟೆಲುಗಳು ಇದಕ್ಕೆ ಇನ್ನೊಂದು ದಾರಿ ಹುಡುಕಿದವು. ಬಿಲ್ಲಿನಲ್ಲೇ ಸೇವಾ ಶುಲ್ಕ ಎಂದು ಐದೋ ಹತ್ತೋ ಪರ್ಸೆಂಟು ಸೇರಿಸುವುದು. 2022ರ ಜುಲೈ 4ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅದನ್ನು ತಾನಾಗಿ ಸೇರಿಸುವಂತಿಲ್ಲ ಎಂದಿತು. ಹೋಟೆಲು ಸಂಘದವರು ದೆಹಲಿ ಹೈಕೋರ್ಟಿಗೆ ಹೋಗಿ ತಡೆ ತಂದರು. 2025ರ ಮಾರ್ಚ್ 28ರಂದು ಅದೇ ಕೋರ್ಟು ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು: ಕೊಡುವುದು ಗಿರಾಕಿಯ ಇಷ್ಟ, ಬಲವಂತ ಕೂಡದು. ಗಿರಾಕಿಯಾಗಿ ನನಗೆ ಖುಷಿಯಾಯಿತು. ಹಳೆಯ ಸಪ್ಲೈಯರಾಗಿ ಸ್ವಲ್ಪ ಯೋಚನೆಯೂ ಆಯಿತು. ಸೇವಾ ಶುಲ್ಕ ನೆಟ್ಟಗೆ ಹಂಚಿದ್ದರೆ ಅದು ಆಯಕ್ಕೆ ಹತ್ತಿರದ ವ್ಯವಸ್ಥೆ. ಹಂಚಿದರೋ, ಲೋಟ ಕೊಂಡರೋ, ಅದನ್ನು ಕೇಳುವವರು ಇರಲಿಲ್ಲ. ಬ್ರಿಟನ್ನಿನಲ್ಲಿ 2024ರ ಅಕ್ಟೋಬರಿನಿಂದ ಜಾರಿಯಾದ ಕಾಯ್ದೆ ಈ ಪ್ರಶ್ನೆಯನ್ನೇ ಹಿಡಿದುಕೊಂಡಿದೆ. ಟಿಪ್ಸ್ ಪೂರಾ ನೌಕರರಿಗೆ ಸಲ್ಲಬೇಕು, ಮಾಲೀಕ ಮುಟ್ಟುವಂತಿಲ್ಲ, ಹಂಚಿಕೆಯ ಲೆಕ್ಕ ಇಡಬೇಕು. ನಮ್ಮ ಡಾಲ್ಡಾ ಡಬ್ಬಿಗೆ ಆಗ ಒಂದು ಕಾಯ್ದೆ ಇದ್ದಿದ್ದರೆ!

ಅಮೆರಿಕದ ಮಾತು ಬೇಡವೆಂದರೂ ಬರುತ್ತದೆ, ಯಾಕೆಂದರೆ ಇಲ್ಲಿ ಕೂತಿರುವವರಲ್ಲಿ ನಾಲ್ಕು ಜನರ ಮಕ್ಕಳಾದರೂ ಅಲ್ಲಿದ್ದಾರೆ. ಅಲ್ಲಿಗೆ ಹೋದ ನಮ್ಮ ಹಿರಿಯರೊಬ್ಬರು ಇಪ್ಪತ್ತು ಪರ್ಸೆಂಟು ಟಿಪ್ಸ್ ಎಂದು ಕೇಳಿ ಅರ್ಧ ಊಟ ಬಿಟ್ಟೆದ್ದ ಕತೆ ನಿಮಗೆ ಗೊತ್ತು. ಅವರ ಸಿಟ್ಟು ಸಪ್ಲೈಯರ್ ಮೇಲೆ. ಆದರೆ ಅಲ್ಲಿನ ಕೇಂದ್ರ ಕಾನೂನಿನಲ್ಲಿ ಟಿಪ್ಸ್ ಪಡೆಯುವ ನೌಕರನಿಗೆ ಮಾಲೀಕ ಕೈಯಿಂದ ಕೊಡಬೇಕಾದ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರು. 1991ರಿಂದ ಒಂದು ಸೆಂಟೂ ಏರಿಲ್ಲ. ಉಳಿದದ್ದನ್ನು ಗಿರಾಕಿ ತುಂಬಬೇಕು. ಅದೇ ಅಮೆರಿಕದಲ್ಲಿ 1909ರಲ್ಲಿ ವಾಷಿಂಗ್ಟನ್ ರಾಜ್ಯ ಟಿಪ್ಸನ್ನೇ ಕಾನೂನಿನಿಂದ ನಿಷೇಧಿಸಿತ್ತು. ಆಮೇಲೆ ಇನ್ನೂ ಕೆಲವು ರಾಜ್ಯಗಳು. ಪ್ರಜಾಪ್ರಭುತ್ವದಲ್ಲಿ ಒಬ್ಬ ಇನ್ನೊಬ್ಬನೆದುರು ಕೈ ಚಾಚಬಾರದು ಎಂಬ ವಾದ. 1926ರ ಹೊತ್ತಿಗೆ ಆ ಕಾಯ್ದೆಗಳೆಲ್ಲ ಮಾಯವಾದವು. ಮಾಲೀಕರಿಗೆ ಟಿಪ್ಸ್ ಬೇಕಿತ್ತು.

ಇನ್ನು ನಮ್ಮ ಸೀಮೆಗೆ ಬರೋಣ. ಇಲ್ಲಿ ಟಿಪ್ಸ್ ಕೊಡುವುದಕ್ಕೂ ಕೊಡದಿರುವುದಕ್ಕೂ ದುಡ್ಡಿಗಿಂತ ದೊಡ್ಡ ಕಾರಣ ಗುರುತು. ಚನ್ನಗಿರಿಯ ಹೋಟೆಲಿನಲ್ಲಿ ಇಡ್ಲಿ ತಂದಿಟ್ಟವನು ಪಕ್ಕದ ಬೀದಿಯವನ ಮಗನಾಗಿದ್ದರೆ ಅವನಿಗೆ ಹತ್ತು ರೂಪಾಯಿ ಹೇಗೆ ಕೊಡುತ್ತೀರಿ? ಅವಮಾನ. "ಏನಪ್ಪಾ, ಅಪ್ಪ ಹೆಂಗದಾನೆ" ಎಂದು ಕೇಳುವುದೇ ಟಿಪ್ಸು. ಈಗ ಅಡುಗೆಮನೆಯಲ್ಲಿ, ಮೇಜಿನ ಬಳಿ, ಎಲ್ಲಿ ನೋಡಿದರೂ ಬಿಹಾರದ, ಅಸ್ಸಾಮಿನ, ನೇಪಾಳದ ಹುಡುಗರು. ಅವರಿಗೆ ಅಪ್ಪನ ಸುದ್ದಿ ಕೇಳಲು ನಮಗೆ ಮಾತು ಬಾರದು, ಹತ್ತು ರೂಪಾಯಿ ಕೊಡುತ್ತೇವೆ. ಟಿಪ್ಸ್ ಎನ್ನುವುದು ಅಪರಿಚಿತನಿಗೆ ಸಲ್ಲುವ ಕ್ಷೇಮಸಮಾಚಾರ.

ಬಾರಿನಲ್ಲಿ ಇದೇ ಉಲ್ಟಾ. ಅಲ್ಲಿ ಗುರುತಿದ್ದವನಿಗೇ ಹೆಚ್ಚು ಟಿಪ್ಸು. ಯಾಕೆಂದು ನಿಮಗೆ ನಾನು ಬಿಡಿಸಿ ಹೇಳಬೇಕೆ? ಬೆಂಗಳೂರಿನ ಪಬ್ಬಿನಲ್ಲಿ ಪಕ್ಕದ ಮೇಜಿನವನಿಗೆ ನೀವು ಯಾರೋ. ತಾಲ್ಲೂಕು ಊರಿನ ಬಾರ್ ಅಂಡ್ ರೆಸ್ಟೋರೆಂಟಿನಲ್ಲಿ, ಪರದೆ ಎಳೆದ ಗೂಡಿನೊಳಗೆ ಕೂತವರು ಯಾರು, ಯಾರ ಜೊತೆ, ಎಷ್ಟನೆಯ ನೈಂಟಿ, ಎಲ್ಲವೂ ಒಬ್ಬನಿಗೆ ಗೊತ್ತು. ಅವನಿಗೆ ಕೊಡುವ ಐವತ್ತರಲ್ಲಿ ಇಪ್ಪತ್ತು ನೀರು, ಈರುಳ್ಳಿ, ನಿಂಬೆಹಣ್ಣು, ಇನ್ನೊಂದು ತಟ್ಟೆ ಮಿಕ್ಸ್ಚರಿಗೆ. ಮೂವತ್ತು ಬಾಯಿ ಮುಚ್ಚಿಕೊಂಡದ್ದಕ್ಕೆ. ಬೇರೆ ತಾಲ್ಲೂಕಿಗೆ ಹೋಗಿ ಕುಡಿಯುವ ಮೇಷ್ಟ್ರುಗಳು ಪೆಟ್ರೋಲಿಗೆ ಖರ್ಚು ಮಾಡುವುದು ಈ ಮೂವತ್ತನ್ನು ಉಳಿಸಲು. (ನಗಬೇಡಿ, ನಾನೂ ಮೇಷ್ಟ್ರೇ.)

ರಾಶಿ ಅಡಿಕೆ ಕ್ವಿಂಟಾಲಿಗೆ 50,000 ದಾಟಿದ ವರ್ಷಗಳಲ್ಲಿ ಈ ಮೇಜುಗಳ ಮೇಲೆ ಐನೂರರ ನೋಟು ಬಿದ್ದದ್ದನ್ನು ನಾನೇ ನೋಡಿದ್ದೇನೆ. ಅದೇ ಮನುಷ್ಯ ತನ್ನ ತೋಟದಲ್ಲಿ ಅಡಿಕೆ ಸುಲಿಯುವ ಹೆಂಗಸು ದಿನಗೂಲಿಗೆ ಇಪ್ಪತ್ತು ರೂಪಾಯಿ ಜಾಸ್ತಿ ಕೇಳಿದರೆ ಅರ್ಧ ತಾಸು ಜಗಳ ಆಡುತ್ತಾನೆ. ಆಯಕ್ಕೆ ಕೈ ಬಿಗಿ, ಇನಾಮಿಗೆ ಕೈ ಸಡಿಲ. ಇನಾಮಿನಲ್ಲಿ ಸಲಾಮು ಸಿಗುತ್ತದೆ. ಕೂಲಿ ಕೊಟ್ಟರೆ ಯಾರೂ ಸಲಾಮು ಹೊಡೆಯುವುದಿಲ್ಲ. ಬಾರಿನ ಹುಡುಗರನ್ನು ಬಿಡುವಿನಲ್ಲಿ ಮಾತಾಡಿಸಿದ್ದೇನೆ. ಊಟ, ಮಲಗಲು ಜಾಗ, ಹೆಸರಿಗೊಂದು ಸಂಬಳ, ಉಳಿದದ್ದು "ನಿನ್ ಟಿಪ್ಸ್ ನೀನ್ ದುಡ್ಕೋ" ಎಂಬ ಕರಾರಿನ ಮೇಲೆ ಇರುವವರು ಅವರಲ್ಲಿದ್ದಾರೆ. ಐನೂರು ಎಸೆದವನು ಆ ಹುಡುಗನಿಗೆ ಉಪಕಾರ ಮಾಡಿದೆ ಅಂದುಕೊಂಡು ಹೋಗುತ್ತಾನೆ. ಅರ್ಧ ಉಪಕಾರ ಮಾಲೀಕನಿಗೆ ಹೋಗಿರುತ್ತದೆ.

ಬೇರೊಂದು ಬಗೆಯ ಮಾಲೀಕತ್ವವೂ ಇದೆ. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಹೊರಟಾಗ ಕೆಲಸ ಕಳೆದುಕೊಂಡ ನೌಕರರೇ ಸೇರಿ 1957ರ ಆಗಸ್ಟ್ 19ರಂದು ಬೆಂಗಳೂರಿನಲ್ಲಿ ಸಹಕಾರ ಸಂಘ ಕಟ್ಟಿದರು. ಇಂಡಿಯನ್ ಕಾಫಿ ಹೌಸಿನ ಬಿಳಿ ಪೇಟದ ಸಪ್ಲೈಯರ್ ಆ ಸಂಘದ ಮನುಷ್ಯ. ಅವನ ತಟ್ಟೆಯಲ್ಲಿ ಐದು ರೂಪಾಯಿ ಬಿಡುವಾಗ ನನಗೆ ಒಂದು ಥರ ತಮಾಷೆ: ಅಂಗಡಿಯ ಯಜಮಾನನಿಗೇ ಟಿಪ್ಸ್ ಕೊಡುತ್ತಿದ್ದೇನೆ. ಅವನೂ ಸಲಾಮು ಹೊಡೆಯುವುದಿಲ್ಲ, ತಲೆ ಸ್ವಲ್ಪ ಆಡಿಸುತ್ತಾನೆ. ಅದು ಸರಿಯಾದ ಅಳತೆ ಎಂದು ನನ್ನ ಭಾವನೆ.

ಕೊಡುವವರ ಮಾತೇ ಆಯಿತು. ಬೇಡ ಎನ್ನುವವರ ಮಾತೂ ನಮ್ಮಲ್ಲಿದೆ. ಆಯ್ದಕ್ಕಿ ಮಾರಯ್ಯ ಕಲ್ಯಾಣದ ಅಂಗಳದಲ್ಲಿ ಬಿದ್ದ ಅಕ್ಕಿ ಆಯುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ, ಹೆಚ್ಚಿನದನ್ನು ತಂದಲ್ಲೇ ಸುರಿದು ಬಾ ಎಂದು ಕಳಿಸಿದಳು. ಹನ್ನೆರಡನೆಯ ಶತಮಾನದ ಕತೆ. ನಾವು ಕಟ್ಟಿಕೊಂಡ ಲೆಕ್ಕದಲ್ಲಿ ಇದೇ ಕೆರೆಯ ಓರಗೆ. ಈ ಕತೆಯನ್ನು ಮಾಲೀಕರು ಕಾರ್ಮಿಕರಿಗೆ ಹೇಳುವುದನ್ನು ಕೇಳಿದ್ದೇನೆ, ಆಸೆ ಪಡಬೇಡಿ ಎಂದು. ತಪ್ಪು. ಲಕ್ಕಮ್ಮ ಹೆಚ್ಚಿನದನ್ನು ಬೇಡವೆಂದಳು, ಸಲ್ಲಬೇಕಾದದ್ದನ್ನಲ್ಲ. ಅವಳ ಮನೆಯಲ್ಲಿ ಅಂದಿನ ಅಡುಗೆಗೆ ಬೇಕಾದಷ್ಟು ಮೊದಲೇ ಇತ್ತು.

ಈಗ ಸೋಂಪಿನ ತಟ್ಟೆಯೇ ಖಾಲಿ. ನಾಲ್ಕಾಣೆ 2011ರ ಜೂನ್ 30ಕ್ಕೆ ಚಲಾವಣೆ ಕಳೆದುಕೊಂಡಿತು. 2016ರಲ್ಲಿ ಬಂದ ಯುಪಿಐ ಚಿಲ್ಲರೆಯನ್ನೇ ನುಂಗಿತು. ಗಲ್ಲಾದ ಮೇಲಿನ ಚೌಕಕ್ಕೆ ಫೋನು ಹಿಡಿದರೆ 187 ಅಂದರೆ 187, ಒಂದು ಪೈಸೆ ಆಚೀಚೆ ಇಲ್ಲ. "ಚಿಲ್ಲರೆ ಇಟ್ಕಳಪ್ಪ" ಎನ್ನುವುದಕ್ಕೆ ಚಿಲ್ಲರೆ ಎಲ್ಲಿದೆ? ಸೋಂಪಿನ ಕೆಳಗೆ ನಾಣ್ಯ ಹೂಳುವ ನನ್ನ ಗುರುವಿನ ವಿದ್ಯೆ ಅವನೊಂದಿಗೇ ಹೋಯಿತು. ಇನ್ನೊಂದು ಕಡೆ ಆ್ಯಪ್‌ಗಳು ಟಿಪ್ಸನ್ನು ಮೊದಲೇ ಕೇಳುತ್ತವೆ. 2025ರ ಮೇ ತಿಂಗಳಲ್ಲಿ ಊಬರ್ ಕಂಪನಿ ಗಾಡಿ ಬರುವ ಮುನ್ನವೇ ಟಿಪ್ಸ್ ಕೇಳುತ್ತದೆಂದು ಗ್ರಾಹಕ ಪ್ರಾಧಿಕಾರ ನೋಟಿಸು ಕೊಟ್ಟಿತು.  ಕೆಲಸಕ್ಕೆ ಮುಂಚೆ ಕೊಡುವುದಕ್ಕೆ ನಮ್ಮ ಕಚೇರಿಗಳಲ್ಲಿ ಬೇರೆ ಹೆಸರಿದೆ, ಅದರ ಮೇಲೆ ಇನ್ನೊಂದು ದತ್ತಿ ಇಡಬೇಕಾದೀತು.

ನಾನು ಏನು ಮಾಡುತ್ತೇನೆ ಎಂದು ನೀವು ಕೇಳಬಹುದು. ನೋಟು ಇಟ್ಟುಕೊಂಡು ಹೋಗುತ್ತೇನೆ. ಮೇಜಿನ ಮೇಲೆ ಬಿಡುವುದಿಲ್ಲ, ಕೈಗೆ ಕೊಡುತ್ತೇನೆ, ಗಲ್ಲಾದವರ ಕಣ್ಣಿಗೆ ಬೀಳದಂತೆ. ಹೆಚ್ಚು ಚಟ್ನಿ ಕೇಳಿದ್ದರೆ ಹೆಚ್ಚು ಕೊಡುತ್ತೇನೆ, ಕೊಸರಿಗೆ ಕೊಸರು. ಅವನ ಸಂಬಳ ಎಷ್ಟೆಂದು ಕೇಳುತ್ತೇನೆ. ಹೆಚ್ಚಿನವರು ಹೇಳುವುದಿಲ್ಲ.

ಹೋದ ತಿಂಗಳು ಈ ಉಪನ್ಯಾಸದ ನೆವದಲ್ಲಿ ಕೆರೆಯ ಕಡೆ ಬಂದಿದ್ದೆ. ರಸ್ತೆ ಬದಿಯ ತಗಡಿನ ಸೂರಿನ ಕೆಳಗೆ ಕೆರೆ ಮೀನಿನ ಊಟ. ಬಡಿಸಿದವನಿಗೆ ಹದಿನೆಂಟೋ ಹತ್ತೊಂಬತ್ತೋ. ಬೆರಳಿಗೆ ಮಸಾಲೆಯ ಅರಿಶಿನ ಹತ್ತಿತ್ತು. ಮುಳ್ಳು ಹೆಚ್ಚು, ಬೆನ್ನಿನ ತುಂಡು ತಗೊಳ್ಳಿ ಎಂದು ಹಿಂದಿಯಲ್ಲಿ ಹೇಳಿ, ತಾನೇ ಆರಿಸಿ ಹಾಕಿದ. ಊಟ ಮುಗಿಸಿ, ಬಿಲ್ ಕೊಟ್ಟು, ತಟ್ಟೆಯ ಅಂಚಿನ ಕೆಳಗೆ ಮೂವತ್ತು ರೂಪಾಯಿ ಇಟ್ಟು ಬಂದೆ. ಕೈ ತೊಳೆಯಲು ಅವನು ನೀರು ಹಾಕುತ್ತಿದ್ದ, ಕೈಗೆ ಕೊಡುವಂತಿರಲಿಲ್ಲ. ಗಾಡಿ ಹತ್ತುವಾಗ ಹಿಂದಿನಿಂದ ಓಡಿ ಬಂದ. ಕೈಯಲ್ಲಿ ಆ ಮೂರು ನೋಟು. "ಸಾಬ್, ಪೈಸಾ ಭೂಲ್ ಗಯೇ." ಮರೆತದ್ದಲ್ಲ, ನಿನಗೇ ಅಂದೆ. ಅವನು ಒಮ್ಮೆ ತಿರುಗಿ ತಗಡಿನ ಸೂರಿನ ಕಡೆ ನೋಡಿದ, ಆಮೇಲೆ ಜೇಬಿಗೆ ಹಾಕಿಕೊಂಡ. ಹೆಸರು ಕೇಳಿದೆ. ಹೇಳಿದ. ಹೊರಟ ಗಾಡಿಯ ಸದ್ದಿನಲ್ಲಿ ಸರಿಯಾಗಿ ಕೇಳಿಸಲಿಲ್ಲ.

ಮನೆಗೆ ಬಂದು ಅಂಗಿಯ ಜೇಬು ತಡಕಿದಾಗ ಬಿಲ್ಲು ಸಿಕ್ಕಿತು. ಅಲ್ಲಿಯೂ ಈಗ ಮಿಷನ್ನಿನ ಬಿಲ್ಲು. ಮೀನಿನ ಊಟ ಎರಡು, ಫ್ರೈ ಒಂದು, ನೀರು ಒಂದು. ಕೆಳಗೆ ಸಣ್ಣಕ್ಷರದಲ್ಲಿ: ಟೇಬಲ್ 2, ಸಪ್ಲೈಯರ್ 4.